ಆತಂಕಕ್ಕೆ ಮನೆಮದ್ದು: ಎಷ್ಟು ಸಹಾಯ, ಎಲ್ಲಿ ಎಚ್ಚರ?



ಹೋದ ತಿಂಗಳು ದೇವಸ್ಥಾನದ ಅಡುಗೆಮನೆಯಲ್ಲಿ ಪ್ರಸಾದಕ್ಕೆ ತರಕಾರಿ ಹೆಚ್ಚುತ್ತಿದ್ದಾಗ ಒಬ್ಬ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಪರೀಕ್ಷೆ ಅಂದ್ರೆ ನಮ್ಮ ಹುಡುಗಿಗೆ ಕೈಕಾಲು ನಡುಗ್ತದೆ, ರಾತ್ರಿ ನಿದ್ದೆ ಇಲ್ಲ. ಊರಿಂದ ಬ್ರಾಹ್ಮಿಯೋ ಅಶ್ವಗಂಧವೋ ತರಿಸಿ ಕೊಟ್ರೆ ಆಗ್ತದಾ? ಡಾಕ್ಟರ ಹತ್ತಿರ ಹೋದ್ರೆ ಏನಾದರೂ ಹೆಸರು ಹಚ್ಚಿಬಿಡ್ತಾರೆ ಅಂತ ಹೆದರಿಕೆ."

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಊರು ಬಿಟ್ಟು ಬಂದ ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನೋ ಅತ್ತೆಯೋ ಕಟ್ಟಿಕೊಟ್ಟ ಪುಡಿ, ಲೇಹ್ಯ, ಅರಿಷ್ಟಗಳ ಒಂದು ಡಬ್ಬಿ ಇದ್ದೇ ಇರುತ್ತದೆ. ಆ ಡಬ್ಬಿಯನ್ನು ನಗೆಯಾಡುವುದೂ ಸರಿಯಲ್ಲ, ಕಣ್ಣು ಮುಚ್ಚಿ ನಂಬುವುದೂ ಸರಿಯಲ್ಲ. ಆದ್ದರಿಂದ ಈ ತ್ರೈಮಾಸಿಕದ ಪಾಠಕ್ಕೆ ಇದನ್ನೇ ವಿಷಯವಾಗಿ ಆರಿಸಿಕೊಂಡಿದ್ದೇವೆ. ನಾವು ವೈದ್ಯರಲ್ಲ. ಓದಿ ತಿಳಿದದ್ದನ್ನು, ಹತ್ತಿರದಿಂದ ಕಂಡ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ, ಅಷ್ಟೆ.

ಅಬ್ಕೈಕ್‌ನಲ್ಲಿ ಒಂದು ಬೆಳಗಿನ ಜಾವ

ಇಲ್ಲಿಗೆ ಬಂದು ನೆಲೆಸುವ ಮೊದಲು ನಾವು ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದ ಅಬ್ಕೈಕ್‌ನಲ್ಲಿ ಕೆಲವು ವರ್ಷ ಇದ್ದೆವು. ದಮ್ಮಾಮ್, ದಹ್ರಾನ್‌ಗಳಿಂದ ನೈರುತ್ಯಕ್ಕೆ ಮರಳುಗಾಡಿನೊಳಗೆ ಸುಮಾರು 60 ಕಿಲೋಮೀಟರ್ ಹೋದರೆ ಸಿಗುವ ಊರು ಅದು. 1940ರಲ್ಲಿ ಅಲ್ಲಿ ತೈಲ ಸಿಕ್ಕಿತು. ಕಚ್ಚಾ ತೈಲವನ್ನು ಸಾಗಣೆಗೆ ಹದ ಮಾಡುವ ಜಗತ್ತಿನ ಅತಿ ದೊಡ್ಡ ಸ್ಥಾವರ ಇರುವುದು ಅಲ್ಲೇ. ರಾತ್ರಿ ಆಕಾಶದಂಚಿಗೆ ಉರಿಯುವ ಜ್ವಾಲೆ ನಮಗೆ ಬೀದಿದೀಪದಷ್ಟೇ ರೂಢಿಯಾಗಿತ್ತು.

2019ರ ಸೆಪ್ಟೆಂಬರ್ 14, ಶನಿವಾರ ನಸುಕಿನಲ್ಲಿ ಆ ಸ್ಥಾವರದ ಮೇಲೂ ಖುರೈಸ್ ತೈಲಕ್ಷೇತ್ರದ ಮೇಲೂ ಡ್ರೋನ್ ಮತ್ತು ಕ್ಷಿಪಣಿ ದಾಳಿ ನಡೆಯಿತು. ದಿನಕ್ಕೆ ಸುಮಾರು 57 ಲಕ್ಷ ಬ್ಯಾರೆಲ್ ಉತ್ಪಾದನೆ, ಅಂದರೆ ದೇಶದ ಉತ್ಪಾದನೆಯ ಅರ್ಧದಷ್ಟು, ನಿಂತುಹೋಯಿತು. ಪ್ರಾಣಹಾನಿಯ ವರದಿ ಬರಲಿಲ್ಲ, ದೇವರ ದಯೆ. ಸ್ಥಾವರದ ದುರಸ್ತಿಯೂ ಕೆಲವೇ ವಾರಗಳಲ್ಲಿ ನಡೆಯಿತು. ಆದರೆ ಊರಿನಲ್ಲಿದ್ದ ಮನೆಮನೆಯ ನಿದ್ದೆ ಅಷ್ಟು ಬೇಗ ದುರಸ್ತಿಯಾಗಲಿಲ್ಲ. ಬಾಗಿಲು ಧಡ್ ಎಂದರೆ ಮಕ್ಕಳು ಬೆಚ್ಚುತ್ತಿದ್ದರು. ಊರಿನಲ್ಲಿ ಟಿವಿ ನೋಡಿದ ತಂದೆತಾಯಂದಿರು ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದರು.

ಅದರ ಹಿಂದೆ ಬೇರೆ ಚಿಂತೆಗಳೂ ಸಾಲುಗಟ್ಟಿ ನಿಂತಿದ್ದವು. 2017ರ ಜುಲೈನಿಂದ ಕುಟುಂಬದ ಪ್ರತಿಯೊಬ್ಬ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂದಿತ್ತು. ವರ್ಷವರ್ಷ ಏರಿ 2020ಕ್ಕೆ ಅದು 400 ಆಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುವುದೋ ಇಟ್ಟುಕೊಳ್ಳುವುದೋ ಎಂಬ ಲೆಕ್ಕಾಚಾರ ಎಲ್ಲರ ಮನೆಯಲ್ಲೂ ನಡೆಯುತ್ತಿತ್ತು. ಅಲ್ಲಿ ಇಲ್ಲಿಯಂತೆ ದೇವಸ್ಥಾನವಿರಲಿಲ್ಲ. ಬೀರುವಿನೊಳಗಿನ ಪುಟ್ಟ ದೇವರಗೂಡು, ಐದಾರು ಕನ್ನಡದ ಮನೆಗಳ ಒಡನಾಟ, ಇಷ್ಟೇ ನಮ್ಮ ಆಸರೆ.

ಅಕ್ಕನ ಡಬ್ಬಿ

ಆ ಐದಾರು ಮನೆಗಳಲ್ಲಿ ಸಾಗರದ ಕಡೆಯ ಒಬ್ಬರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡ ಎಂದಿದ್ದಾರೆ.

ದಾಳಿಯ ನಂತರ ಅಕ್ಕನಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಊರಿನಲ್ಲಿದ್ದ ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಕೂಸೇ, ಇಂಗ್ಲಿಷ್ ಮಾತ್ರೆ ಅಭ್ಯಾಸ ಆಗಿಬಿಡ್ತದೆ, ಅದು ಬೇಡ. ಅಶ್ವಗಂಧದ ಪುಡಿ ಕಳಿಸ್ತೆ, ಹಾಲಿಗೆ ಹಾಕಿ ಕುಡಿ. ಬರೀ ಬೇರು ಅದು, ಎಂತ ಆಗೋದಿಲ್ಲ." ಅಕ್ಟೋಬರಿನಲ್ಲಿ ಊರಿಂದ ಬಂದವರ ಕೈಯಲ್ಲಿ ಡಬ್ಬಿ ಬಂತು. ಮೊದಲ ಎರಡು ವಾರ ನಿದ್ದೆ ಸ್ವಲ್ಪ ಸುಧಾರಿಸಿತು ಎಂದು ಅಕ್ಕನೇ ಸಂತೋಷದಿಂದ ಹೇಳಿದ್ದರು. ಆಮೇಲೆ ಎದೆಬಡಿತ ಹೆಚ್ಚಾಯಿತು, ಕೈ ನಡುಗತೊಡಗಿತು. ಆತಂಕ ಹೆಚ್ಚಿತೆಂದು ಅಕ್ಕ ಒಂದು ಚಮಚವನ್ನು ಎರಡು ಮಾಡಿದರು.

ಅವರು ಹಲವು ವರ್ಷಗಳಿಂದ ಥೈರಾಯ್ಡ್ ಕೊರತೆಗೆ ದಿನಾ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. 2020ರ ಜನವರಿಯಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಹಾರ್ಮೋನು ಅಳತೆ ಮೀರಿತ್ತು. "ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ?" ಎಂದು ವೈದ್ಯರು ಕೇಳಿದರು. "ಇಲ್ಲ" ಎಂದರು ಅಕ್ಕ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಔಷಧಿ ಎಂದರೆ ಮಾತ್ರೆ, ಅಮ್ಮ ಕಳಿಸಿದ್ದು ಪುಡಿ. ಅದು ಅವರ ಲೆಕ್ಕಕ್ಕೇ ಬರಲಿಲ್ಲ. ವೈದ್ಯರು ಥೈರಾಯ್ಡ್ ಮಾತ್ರೆಯ ಪ್ರಮಾಣ ಇಳಿಸಿದರು.

ಮಾರ್ಚಿನಲ್ಲಿ ಕೋವಿಡ್ ಬಂತು, ವಿಮಾನಗಳು ನಿಂತವು, ಊರಿಂದ ಬರುವವರಿಲ್ಲ. ಏಪ್ರಿಲ್ ಹೊತ್ತಿಗೆ ಡಬ್ಬಿ ಖಾಲಿಯಾಯಿತು. ಜೂನ್ ಬರುವಷ್ಟರಲ್ಲಿ ಅಕ್ಕನಿಗೆ ವಿಪರೀತ ಸುಸ್ತು, ಕಾಲು ಬಾವು, ಮನಸ್ಸಿಗೆ ಮಂಕು. ಈ ಸಲ ರಕ್ತದ ವರದಿ ತಲೆಕೆಳಗು, ಹಾರ್ಮೋನು ಕಡಿಮೆ. ವೈದ್ಯರಿಗೂ ಗೊಂದಲ. ಆಗ ಜೊತೆಗೆ ಹೋಗಿದ್ದ ಒಂಬತ್ತನೆಯ ತರಗತಿಯ ಮಗಳು ಚೀಲದಿಂದ ಆ ಖಾಲಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅಲ್ಲಿದ್ದ ಮಲಯಾಳಿ ದಾದಿ ಮೂಸಿ ನೋಡಿ, "ಇದು ನಮ್ಮ ಅಮುಕ್ಕುರಂ ಅಲ್ಲವೇ!" ಎಂದರಂತೆ.

ಎಲ್ಲಕ್ಕೂ ಪುಡಿಯೇ ಕಾರಣ ಎಂದು ವೈದ್ಯರು ಪ್ರಮಾಣ ಮಾಡಿ ಹೇಳಲಿಲ್ಲ. ಆದರೆ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. 2018ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ, ಥೈರಾಯ್ಡ್ ಕೊರತೆಯ ಮೊದಲ ಹಂತದಲ್ಲಿದ್ದ 50 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಬೇರಿನ ಸಾರವನ್ನು 8 ವಾರ ಕೊಟ್ಟಾಗ ಹಾರ್ಮೋನು ಏರಿದ್ದು ಕಂಡಿತು. ಅಂದರೆ ಆ ಬೇರಿಗೆ ಶಕ್ತಿ ಇದೆ. ಅಕ್ಕ ಈಗಾಗಲೇ ಅದೇ ಕೆಲಸದ ಮಾತ್ರೆ ನುಂಗುತ್ತಿದ್ದರು. ಮದ್ದೇ ಎಬ್ಬಿಸಿದ ಎದೆಬಡಿತಕ್ಕೆ ಅದೇ ಮದ್ದನ್ನು ಮತ್ತೊಂದು ಚಮಚ ಸುರಿದುಕೊಂಡಿರಬಹುದಾದ ಪರಿಸ್ಥಿತಿ ಅದು.

ಚಿಂತೆ ಯಾವುದು, ಕಾಯಿಲೆ ಯಾವುದು?

ಆತಂಕ ಹೊಸ ಕಾಲದ ರೋಗವೇನಲ್ಲ. ಕುರುಕ್ಷೇತ್ರದಲ್ಲಿ ಅರ್ಜುನ ತನ್ನ ಸ್ಥಿತಿಯನ್ನು ಕೃಷ್ಣನಿಗೆ ಹೇಳಿಕೊಳ್ಳುವುದನ್ನು ಗೀತೆಯ ಮೊದಲ ಅಧ್ಯಾಯದಲ್ಲಿ ನೆನಪಿಸಿಕೊಳ್ಳಿ. ಬಾಯಿ ಒಣಗುವುದು, ಮೈ ನಡುಗುವುದು, ಚರ್ಮ ಉರಿಯುವುದು, ಕೈಯಿಂದ ಬಿಲ್ಲು ಜಾರುವುದು, ತಲೆ ಸುತ್ತಿದಂತಾಗುವುದು. ಇಂದಿನ ವೈದ್ಯರು ಬರೆದುಕೊಳ್ಳುವ ಲಕ್ಷಣಗಳೂ ಹೆಚ್ಚು ಕಡಿಮೆ ಇವೇ. ವೀರನಿಗೂ ಇದು ಬರುತ್ತದೆ ಎಂಬುದು ಮೊದಲ ಪಾಠ. ಅವನು ಅದನ್ನು ಮುಚ್ಚಿಡದೆ ಬಾಯಿಬಿಟ್ಟು ಹೇಳಿದ ಎಂಬುದು ಎರಡನೆಯದು.

ಪರೀಕ್ಷೆ, ಸಂದರ್ಶನ, ವೀಸಾ, ಯುದ್ಧದ ಸುದ್ದಿ ಇವುಗಳಿಂದ ಬರುವ ಕಳವಳ ಕಾರಣ ದೂರವಾದಾಗ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಬಹುತೇಕ ದಿನಗಳಲ್ಲಿ, ಆರು ತಿಂಗಳಷ್ಟು ಕಾಲ, ಹತೋಟಿಗೆ ಸಿಗದ ಚಿಂತೆ ಇದ್ದು, ನಿದ್ದೆ, ಕೆಲಸ, ಓದು, ಊಟಗಳನ್ನು ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಆತಂಕದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ. ಇನ್ನೂ ಒಂದು ಸಂಗತಿ: ಥೈರಾಯ್ಡ್ ಏರುಪೇರು, ರಕ್ತಹೀನತೆ, ಹೃದಯದ ಬಡಿತದ ದೋಷ, ಅತಿಯಾದ ಕಾಫಿ ಇವೂ ಆತಂಕದ ವೇಷದಲ್ಲಿ ಬರುತ್ತವೆ. ಪುಡಿಗೆ ಕೈಹಾಕುವ ಮೊದಲು ಒಂದು ರಕ್ತಪರೀಕ್ಷೆ ಆಗಬೇಕೆನ್ನುವುದು ಇದಕ್ಕಾಗಿಯೇ.

ಚರಕರು ಏನು ಹೇಳಿದ್ದಾರೆ?

ನಮ್ಮ ಹಿರಿಯರು ಎಲ್ಲವನ್ನೂ ಬೇರಿನ ಮೇಲೆಯೇ ಬಿಟ್ಟಿದ್ದರು ಎಂದುಕೊಂಡರೆ ತಪ್ಪು. ಚರಕ ಸಂಹಿತೆಯಲ್ಲಿ ಚಿಕಿತ್ಸೆಯನ್ನು ಮೂರು ವಿಧವಾಗಿ ಹೇಳಿದೆ. ಮಂತ್ರ, ಹೋಮ, ವ್ರತಗಳಂಥವು ದೈವವ್ಯಪಾಶ್ರಯ. ಆಹಾರ ಮತ್ತು ಔಷಧಿಗಳ ಯೋಜನೆ ಯುಕ್ತಿವ್ಯಪಾಶ್ರಯ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತರುವುದು ಸತ್ತ್ವಾವಜಯ. ಈ ಮೂರನೆಯದು ಇಂದಿನ ಆಪ್ತಸಮಾಲೋಚನೆಗೆ ಬಹಳ ಹತ್ತಿರ. ಮೂಲಿಕೆ ಸೇರುವುದು ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ.

ಬುದ್ಧಿಗೆ ಪುಷ್ಟಿ ಕೊಡುವ ಮೇಧ್ಯ ರಸಾಯನಗಳೆಂದು ಚರಕರು ನಾಲ್ಕನ್ನು ಹೆಸರಿಸುತ್ತಾರೆ: ಮಂಡೂಕಪರ್ಣಿಯ ರಸ, ಹಾಲಿನೊಡನೆ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ ಮತ್ತು ಶಂಖಪುಷ್ಪಿಯ ಕಲ್ಕ. ಅದೇ ಗ್ರಂಥದಲ್ಲಿ ಇನ್ನೊಂದು ಮಾತಿನ ಸಾರ ಹೀಗಿದೆ: ಸರಿಯಾಗಿ ಬಳಸಿದರೆ ವಿಷವೂ ಔಷಧಿಯಾಗುತ್ತದೆ, ತಪ್ಪಾಗಿ ಬಳಸಿದರೆ ಔಷಧಿಯೂ ವಿಷವಾಗುತ್ತದೆ. "ಬರೀ ಬೇರು, ಏನೂ ಆಗೋದಿಲ್ಲ" ಎಂಬ ಮಾತನ್ನು ಚರಕರೇ ಒಪ್ಪುತ್ತಿರಲಿಲ್ಲ.

ಒಂದೊಂದಾಗಿ ಮೂಲಿಕೆಗಳು

ಅಶ್ವಗಂಧ. ನಮ್ಮಲ್ಲಿ ಹಿರೇಮದ್ದು ಎಂದೂ ಕರೆಯುತ್ತಾರೆ. ಆತಂಕ, ಒತ್ತಡಗಳ ವಿಷಯದಲ್ಲಿ ಇಂದು ಹೆಚ್ಚು ಅಧ್ಯಯನ ನಡೆದಿರುವ ನಮ್ಮ ಮೂಲಿಕೆ ಇದು. 2012ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ದೀರ್ಘಕಾಲದ ಒತ್ತಡವಿದ್ದ 64 ವಯಸ್ಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 300 ಮಿಲಿಗ್ರಾಂ ಬೇರಿನ ಸಾರ ದಿನಕ್ಕೆ ಎರಡು ಸಲ, ಇನ್ನೊಂದಕ್ಕೆ ನೋಡಲು ಅದೇ ರೀತಿಯ ಸತ್ವವಿಲ್ಲದ ಗುಳಿಗೆ. 60 ದಿನಗಳ ನಂತರ ಒತ್ತಡದ ಅಂಕ ಮೊದಲ ಗುಂಪಿನಲ್ಲಿ 44 ಶೇಕಡಾ, ಎರಡನೆಯದರಲ್ಲಿ ಸುಮಾರು 5.5 ಶೇಕಡಾ ಇಳಿದಿತ್ತು. ಇಂಥ ಅಧ್ಯಯನಗಳನ್ನು ನೋಡಿ 2022ರಲ್ಲಿ ಮನೋವೈದ್ಯರ ಒಂದು ಅಂತರರಾಷ್ಟ್ರೀಯ ಕಾರ್ಯತಂಡ ಆತಂಕಕ್ಕೆ ಅಶ್ವಗಂಧವನ್ನು ತಾತ್ಕಾಲಿಕವಾಗಿ ಶಿಫಾರಸು ಮಾಡಿತು. ತಾತ್ಕಾಲಿಕ ಎಂದದ್ದಕ್ಕೆ ಕಾರಣವಿದೆ. ಹೆಚ್ಚಿನ ಅಧ್ಯಯನಗಳು ಸಣ್ಣವು, ಎರಡು ಮೂರು ತಿಂಗಳಿನವು, ಹಲವು ಕಡೆ ಸಾರವನ್ನು ಒದಗಿಸಿದವರು ಅದರ ತಯಾರಕರೇ. ವರ್ಷಗಟ್ಟಲೆ ತೆಗೆದುಕೊಂಡವರ ಕಥೆ ಅವುಗಳಲ್ಲಿ ಇಲ್ಲ.

ಒಂದೆಲಗ ಮತ್ತು ನೀರುಬ್ರಾಹ್ಮಿ. ಇಲ್ಲಿ ಹೆಸರಿನ ಗೊಂದಲವಿದೆ. ಮಲೆನಾಡಿನವರು ಬ್ರಾಹ್ಮಿ ಎಂದು ತಂಬುಳಿ ಮಾಡುವುದು ಒಂದೆಲಗದಿಂದ; ತುಳುವರ ತಿಮರೆ, ಚರಕರ ಮಂಡೂಕಪರ್ಣಿ ಇದೇ. ಅಂಗಡಿಯ ಗುಳಿಗೆಯ ಮೇಲೆ ಬ್ರಾಹ್ಮಿ ಎಂದು ಬರೆದಿರುವುದು ಹಲವು ಸಲ ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಆರೋಗ್ಯವಂತರ ಪೈಕಿ ಒಂದೆಲಗ ತೆಗೆದುಕೊಂಡವರು ಜೋರು ಸದ್ದಿಗೆ ಬೆಚ್ಚಿಬೀಳುವುದು ಕಡಿಮೆಯಾಗಿತ್ತು. ಆದರೆ ಕೊಟ್ಟದ್ದು ಒಂದೇ ಸಲಕ್ಕೆ 12 ಗ್ರಾಂ, ನೋಡಿದ್ದು ಒಂದೆರಡು ಗಂಟೆಯ ಪರಿಣಾಮ. ನೀರುಬ್ರಾಹ್ಮಿಯ ಹೆಚ್ಚಿನ ಅಧ್ಯಯನಗಳು ನೆನಪಿನ ಶಕ್ತಿಯ ಕುರಿತಾದವು. 2008ರಲ್ಲಿ ಅಮೆರಿಕದ ವೃದ್ಧರ ಮೇಲೆ ನಡೆದ 12 ವಾರದ ಒಂದು ಅಧ್ಯಯನದಲ್ಲಿ ಆತಂಕವೂ ಸ್ವಲ್ಪ ಇಳಿದದ್ದು ಕಂಡಿತ್ತು. ಒಂದೆಲಗದ ತಂಬುಳಿ, ಚಟ್ನಿ ಊಟದ ಭಾಗವಾಗಿ ಒಳ್ಳೆಯದೇ. ಕಾಯಿಲೆ ವಾಸಿಮಾಡುವ ಭಾರವನ್ನು ನಾಲ್ಕು ಎಲೆಗಳ ಮೇಲೆ ಹೊರಿಸುವುದು ಬೇಡ.

ಬಾಬೂನಜ್. ಅಬ್ಕೈಕ್‌ನ ಅರಬರ ಅಂಗಡಿಯಲ್ಲಿ ನಮಗೆ ಪರಿಚಯವಾದ ಒಣಹೂವು ಇದು, ಇಂಗ್ಲಿಷಿನ ಕ್ಯಾಮೊಮೈಲ್. ಅಲ್ಲಿಯ ಅಜ್ಜಿಯರು ಇದನ್ನೂ ಸೋಂಪಿನಂತಹ ಯಾನ್ಸೂನನ್ನೂ ಕುದಿಸಿ ಕೊಡುವುದನ್ನು ನೋಡಿ, ಮನೆಮದ್ದಿನ ಡಬ್ಬಿ ಎಲ್ಲ ದೇಶದ ಅಜ್ಜಿಯರ ಹತ್ತಿರವೂ ಇದೆಯಲ್ಲ ಎಂದು ನಾವು ನಕ್ಕಿದ್ದೆವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2009ರಲ್ಲಿ ಆತಂಕದ ಕಾಯಿಲೆಯಿದ್ದ 57 ಮಂದಿಗೆ 8 ವಾರ ಇದರ ಸಾರದ ಗುಳಿಗೆ ಕೊಟ್ಟು ನೋಡಿದಾಗ ಸಾಧಾರಣ ಪ್ರಯೋಜನ ಕಂಡಿತು. ಅವರೇ 179 ಮಂದಿಯ ಮೇಲೆ ಹೆಚ್ಚು ಕಾಲ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷಣಗಳು ಕಡಿಮೆ ಇದ್ದರೂ, ಕಾಯಿಲೆ ಮರುಕಳಿಸುವುದನ್ನು ಅದು ತಡೆಯುತ್ತದೆ ಎಂದು ಖಚಿತವಾಗಲಿಲ್ಲ. ಸೇವಂತಿಗೆಯ ಜಾತಿಯ ಹೂಗಳು ಒಗ್ಗದವರಿಗೆ ಇದೂ ಒಗ್ಗದಿರಬಹುದು. ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು.

ಮಾನಸಮಿತ್ರ ವಟಕ. ಇದು ನಮ್ಮ ಬೆಂಗಳೂರಿನದೇ ಉದಾಹರಣೆ. ನಿಮ್ಹಾನ್ಸ್ ಆವರಣದ ಆಯುರ್ವೇದ ಸಂಶೋಧಕರು ಮತ್ತು ಮನೋವೈದ್ಯರು ಕೂಡಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ನೂರಾರು ಪುಸ್ತಕ ಬರೆದು ನಮಗೆಲ್ಲ ಪರಿಚಿತರಾದ ಡಾ. ಸಿ.ಆರ್. ಚಂದ್ರಶೇಖರ್ ಅವರೂ ಅದರ ಲೇಖಕರಲ್ಲಿ ಒಬ್ಬರು. ಆತಂಕದ ಕಾಯಿಲೆಯ ಜೊತೆಗೆ ಜನರೆದುರು ಹೋಗಲು ಭಯವಿದ್ದ 72 ಮಂದಿಯನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ವಟಕ, ಎರಡನೆಯದಕ್ಕೆ ವಟಕದ ಜೊತೆ ಮೊದಲ ಏಳು ದಿನ ಶಿರೋಧಾರೆ, ಮೂರನೆಯದಕ್ಕೆ ಕ್ಲೊನಾಜೆಪಾಮ್ ಎಂಬ ಮಾತ್ರೆ. 30 ದಿನಗಳಲ್ಲಿ ಮೂರೂ ಗುಂಪಿನವರು ಸುಧಾರಿಸಿದರು. ಹಗಲಿನ ಮಂಪರು ಕಡಿಮೆಯಾಗುವುದರಲ್ಲಿ ಶಿರೋಧಾರೆಯ ಗುಂಪು ಮುಂದಿತ್ತು.

ಇದನ್ನು ಓದಿ ನಮಗೆ ಹೆಮ್ಮೆಯೆನಿಸಿತು. ಆದರೆ ಅಧ್ಯಯನವನ್ನು ಹೇಗೆ ಓದಬೇಕೆಂಬುದನ್ನೂ ಇದು ಕಲಿಸುತ್ತದೆ. ಸತ್ವವಿಲ್ಲದ ಗುಳಿಗೆ ಪಡೆದ ನಾಲ್ಕನೆಯ ಗುಂಪು ಅಲ್ಲಿರಲಿಲ್ಲ. ತಿಂಗಳಿಡೀ ಯಾರೋ ವಿಚಾರಿಸಿಕೊಂಡದ್ದರಿಂದ, ಕಾಲ ಕಳೆದದ್ದರಿಂದ ಆದ ಗುಣವೆಷ್ಟು, ಮದ್ದಿನಿಂದ ಆದದ್ದೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಅಲ್ಲದೆ ಆ ರೋಗಿಗಳನ್ನು ಮೊದಲು ವೈದ್ಯರು ಪರೀಕ್ಷಿಸಿದ್ದರು, ಮದ್ದನ್ನು ಅಳೆದು ಕೊಟ್ಟಿದ್ದರು, ಮತ್ತೆ ಪರೀಕ್ಷಿಸಿದ್ದರು. ಫೋನಿನಲ್ಲಿ ಕೇಳಿ ಚಮಚದಲ್ಲಿ ಅಳೆದುಕೊಂಡ ಪುಡಿಗೆ ಆ ಫಲಿತಾಂಶವನ್ನು ಹಚ್ಚಲಾಗದು.

ಒಟ್ಟಿನಲ್ಲಿ ನಮಗೆ ತಿಳಿದದ್ದು ಇಷ್ಟು: ಸೌಮ್ಯವಾದ ಆತಂಕಕ್ಕೆ, ಸ್ವಲ್ಪ ಕಾಲದ ಮಟ್ಟಿಗೆ, ಕೆಲವು ಮೂಲಿಕೆಗಳಿಂದ ಕೆಲವರಿಗೆ ಸ್ವಲ್ಪ ಸಮಾಧಾನ ಸಿಗುತ್ತದೆ. ತೀವ್ರವಾದ ಆತಂಕಕ್ಕೆ ಅವನ್ನೇ ನಂಬಿ ಕೂರುವಷ್ಟು ಆಧಾರ ಇಲ್ಲ.

ಮೂರು ಎಚ್ಚರಿಕೆಗಳು

ಮೊದಲನೆಯದು, ದೇಹದೊಳಗಿನ ಎಚ್ಚರಿಕೆ. ಥೈರಾಯ್ಡ್ ವಿಷಯ ಹೇಳಿದೆವು. ಅಶ್ವಗಂಧ ತೆಗೆದುಕೊಂಡ ಕೆಲವರಿಗೆ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಬಂದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ಐದು ಪ್ರಕರಣಗಳು ಒಟ್ಟಿಗೆ ಪ್ರಕಟವಾದವು. ಇದು ಅಪರೂಪ, ಆದರೆ ಇದೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಬೇರಿನ ಬದಲು ಎಲೆಯನ್ನು ಬಳಸಬಾರದೆಂದು ಭಾರತದ ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ತಿಳಿಸಿತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದರಿಂದ ದೂರವಿರಬೇಕು. ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಸೇರಿಸಬಾರದು.

ಎರಡನೆಯದು, ಡಬ್ಬಿಯೊಳಗಿನ ಎಚ್ಚರಿಕೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಬೋಸ್ಟನ್ ಸುತ್ತಲಿನ ಭಾರತೀಯ ಅಂಗಡಿಗಳಿಂದ 70 ಆಯುರ್ವೇದ ಉತ್ಪನ್ನಗಳನ್ನು ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು, ಅಂದರೆ ಐದಕ್ಕೆ ಒಂದು. ಇದಾದ ಮೇಲೆ ಭಾರತ ಸರ್ಕಾರ 2006ರ ಜನವರಿಯಿಂದ ರಫ್ತಾಗುವ ಗಿಡಮೂಲಿಕೆ ಔಷಧಿಗಳಿಗೆ ಭಾರಲೋಹದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಆದರೆ ಸಂತೆಯಲ್ಲಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸೂಟ್‌ಕೇಸಿನಲ್ಲಿ ಬಂದ ಪುಡಿಗೆ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ಹೆಸರು, ತಯಾರಕರು, ತಯಾರಾದ ದಿನಾಂಕ, ಅವಧಿ ಇವು ಅಚ್ಚಾಗಿರದ ಡಬ್ಬಿ ಬೇಡವೆನ್ನಿ. ಭಸ್ಮ ಸೇರಿದ ಮದ್ದನ್ನು ಕಲಿತ ವೈದ್ಯರ ಕೈಯಿಂದಲ್ಲದೆ ತೆಗೆದುಕೊಳ್ಳಬೇಡಿ.

ಮೂರನೆಯದು, ನೆಲದ ಕಾನೂನಿನ ಎಚ್ಚರಿಕೆ. ನಿದ್ದೆ ಬರಲೆಂದು ನಮ್ಮಲ್ಲಿ ಗಸಗಸೆ ಪಾಯಸ ಮಾಡುತ್ತೇವೆ. ಅದೇ ಗಸಗಸೆ ಸೌದಿ ಅರೇಬಿಯಾದಲ್ಲಿ ನಿಷಿದ್ಧ ವಸ್ತು. ಮಾದಕವಸ್ತುವಿನ ಅಪರಾಧವಾಗಿ ಪರಿಗಣಿಸಿ ವಿಮಾನ ನಿಲ್ದಾಣದಲ್ಲೇ ಹಿಡಿಯಬಹುದು. ಹಾಲಿಗೆ ತೇದು ಹಾಕುವ ಜಾಯಿಕಾಯಿಯ ಮೇಲೂ ಅಲ್ಲಿ ನಿರ್ಬಂಧವಿದೆ. ವೈದ್ಯರು ಬರೆದುಕೊಟ್ಟ ನಿದ್ದೆ ಮತ್ತು ಆತಂಕದ ಮಾತ್ರೆಗಳಲ್ಲೂ ಕೆಲವು ನಿಯಂತ್ರಿತ ಪಟ್ಟಿಯಲ್ಲಿವೆ. ಅವನ್ನು ಒಯ್ಯುವವರು ವೈದ್ಯರ ಚೀಟಿ, ವರದಿಗಳೊಂದಿಗೆ ಸೌದಿಯ ಆಹಾರ ಮತ್ತು ಔಷಧ ಪ್ರಾಧಿಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲೋ ಹೊರಟ ಅಜ್ಜಿ ಪ್ರೀತಿಯಿಂದ ಕಟ್ಟಿದ ಗಂಟು ಅವರನ್ನೇ ಕಷ್ಟಕ್ಕೆ ಸಿಕ್ಕಿಸದಿರಲಿ. ಊರಿಗೆ ಫೋನು ಮಾಡಿದಾಗ ಈ ಮಾತನ್ನು ಮರೆಯದೆ ಹೇಳಿ.

ಅಕ್ಕ ಈಗ ಹೇಗಿದ್ದಾರೆ?

ಪುಡಿ ನಿಲ್ಲಿಸಿ, ಥೈರಾಯ್ಡ್ ಮಾತ್ರೆಯನ್ನು ಹೊಸದಾಗಿ ಹೊಂದಿಸಿ, ಎರಡು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತ ಹೋದಂತೆ ಮೈ ಸರಿಯಾಯಿತು. ಆದರೆ ರಾತ್ರಿಯ ಭಯ ಪೂರ್ತಿ ಹೋಗಲಿಲ್ಲ. ಆಗಲೇ ಗೊತ್ತಾದದ್ದು, ಅದು ನಿಜವಾಗಿಯೂ ಆತಂಕದ ಕಾಯಿಲೆ ಎಂದು. ಪುಡಿಯ ಗೊಂದಲದಲ್ಲಿ ಒಂಬತ್ತು ತಿಂಗಳು ಅದು ಮರೆಯಲ್ಲೇ ಉಳಿದಿತ್ತು. ವೈದ್ಯರು ಮಾತ್ರೆ ಬರೆದುಕೊಟ್ಟರು. ಬೆಂಗಳೂರಿನ ಒಬ್ಬ ಆಪ್ತಸಮಾಲೋಚಕರೊಡನೆ ವಾರಕ್ಕೊಮ್ಮೆ ಕನ್ನಡದಲ್ಲೇ ವಿಡಿಯೋ ಮಾತುಕತೆ ನಡೆಯಿತು. "ನನ್ನ ಭಯವನ್ನು ನನ್ನ ಭಾಷೆಯಲ್ಲಿ ಹೇಳಿದಾಗ ಅರ್ಧ ಹಗುರಾಯಿತು" ಎಂದು ಅಕ್ಕ ನಮಗೆ ಹೇಳಿದರು. ಒಂದು ವರ್ಷದ ನಂತರ ವೈದ್ಯರೇ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು.

ಅಮ್ಮನ ಹೆದರಿಕೆ ಪೂರ್ತಿ ತಪ್ಪಾಗಿರಲಿಲ್ಲ. ತಕ್ಷಣ ಶಾಂತಮಾಡುವ ಕೆಲವು ನಿದ್ದೆ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡರೆ ಅಭ್ಯಾಸವಾಗುವುದು ನಿಜ. ಆದರೆ ಆತಂಕಕ್ಕೆ ಇಂದು ಮೊದಲು ಕೊಡುವ ಮಾತ್ರೆಗಳು ಆ ಜಾತಿಯವಲ್ಲ. ಅವನ್ನು ತಟ್ಟನೆ ನಿಲ್ಲಿಸಬಾರದು, ಅಷ್ಟೆ. ಇದನ್ನು ಅಮ್ಮನಿಗೆ ವಿವರಿಸಿದ್ದು ಯಾರೆಂದುಕೊಂಡಿರಿ? ಆ ಡಬ್ಬಿಯನ್ನು ಮೇಜಿನ ಮೇಲಿಟ್ಟ ಮೊಮ್ಮಗಳು. ಈಗ ಅಜ್ಜಿ ಏನನ್ನೇ ಕಳಿಸುವುದಿದ್ದರೂ "ನಿಮ್ಮ ಡಾಕ್ಟರಿಗೆ ಕೇಳಿ ಹೇಳಿ, ಆಮೇಲೆ ಕಟ್ತೆ" ಎನ್ನುತ್ತಾರಂತೆ. ಅಕ್ಕನ ಮನೆಯಲ್ಲಿ ಒಂದೆಲಗದ ತಂಬುಳಿ ಈಗಲೂ ಇದೆ, ಆದರೆ ಊಟವಾಗಿ.

ಮನೆಗೆ ಒಯ್ಯಬೇಕಾದ ಪಾಠ

1. ಮೂಲಿಕೆಯೂ ಔಷಧಿಯೇ. ವೈದ್ಯರು ಕೇಳಿದಾಗ ಪುಡಿ, ಕಷಾಯ, ಲೇಹ್ಯ ಎಲ್ಲವನ್ನೂ ಹೇಳಿ. ಸಾಧ್ಯವಾದರೆ ಡಬ್ಬಿಯನ್ನೇ ಒಯ್ಯಿರಿ.

2. ಒಂದು ಸಲಕ್ಕೆ ಒಂದೇ ಮದ್ದು. ಶುರುಮಾಡಿದ ದಿನಾಂಕ ಮತ್ತು ಪ್ರಮಾಣವನ್ನು ಡಬ್ಬಿಯ ಮೇಲೆ ಬರೆಯಿರಿ. ಲಕ್ಷಣ ಹೆಚ್ಚಾದರೆ ಪ್ರಮಾಣ ಹೆಚ್ಚಿಸಬೇಡಿ, ನಿಲ್ಲಿಸಿ, ವಿಚಾರಿಸಿ.

3. ಗಡುವು ಇಡಿ. ನಾಲ್ಕರಿಂದ ಎಂಟು ವಾರಗಳಲ್ಲಿ ಗುಣ ಕಾಣದಿದ್ದರೆ ಅದನ್ನೇ ಮುಂದುವರಿಸಿ ಕಾಲ ಕಳೆಯಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

4. ವೈದ್ಯರು ಬರೆದ ಮಾತ್ರೆಯನ್ನು ಮೂಲಿಕೆಯ ಭರವಸೆಯಲ್ಲಿ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

5. ಬದುಕುವುದೇ ಬೇಡ ಎಂಬಂಥ ಮಾತು ಯಾರ ಬಾಯಲ್ಲಿ ಬಂದರೂ ಅಲ್ಲಿ ಮನೆಮದ್ದಿಗೆ ಸ್ಥಳವಿಲ್ಲ. ಅವರನ್ನು ಒಬ್ಬರೇ ಬಿಡದೆ ತಕ್ಷಣ ಸಹಾಯ ಪಡೆಯಿರಿ. ಸೌದಿಯಲ್ಲಿರುವ ನಮ್ಮವರಿಗೆ ಆರೋಗ್ಯ ಸಚಿವಾಲಯದ 937, ಭಾರತದಲ್ಲಿರುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಇದೆ. 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಇನ್ನು ಅಡುಗೆಮನೆಯಲ್ಲಿ ನಮ್ಮನ್ನು ಕೇಳಿದ ಆ ತಾಯಿಗೆ ಉತ್ತರ. ಅಮ್ಮಾ, ಮೇಲೆ ಹೇಳಿದ ಅಧ್ಯಯನಗಳೆಲ್ಲ ದೊಡ್ಡವರ ಮೇಲೆ ನಡೆದವು. ಬೆಳೆಯುವ ಹುಡುಗಿಗೆ ನಿಮ್ಮಷ್ಟಕ್ಕೆ ಪುಡಿ, ಗುಳಿಗೆ ಕೊಡಬೇಡಿ. ತಂಬುಳಿ ಮಾಡಿ ಬಡಿಸಿ, ಪಕ್ಕದಲ್ಲಿ ಕೂತು ಊಟ ಮಾಡಿ, "ಯಾವುದಕ್ಕೆ ಹೆದರಿಕೆ ಆಗ್ತದೆ ಮಗಾ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ನಡುವೆ ಮಾತಾಡಬೇಡಿ. ಹದಿನೈದು ದಿನದಲ್ಲಿ ನಿದ್ದೆ ಸರಿಯಾಗದಿದ್ದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅವರು ಹಚ್ಚುವ ಹೆಸರು ಚಿಕಿತ್ಸೆಗೆ ದಾರಿ ತೋರಿಸುವ ಫಲಕ ಮಾತ್ರ, ನಿಮ್ಮ ಮಗಳ ಹಣೆಬರಹವಲ್ಲ. ಒಬ್ಬರೇ ಹೋಗಲು ಸಂಕೋಚವಾದರೆ ಹೇಳಿ, ನಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ.

ಮನೆಯವರೆಲ್ಲ ಕೂತು ಚರ್ಚಿಸಲು

1. ನಮ್ಮ ಮನೆಯಲ್ಲಿ ಈಗ ಯಾವ ಯಾವ ಪುಡಿ, ಲೇಹ್ಯ, ಅರಿಷ್ಟಗಳಿವೆ? ಅವುಗಳ ಅವಧಿ ಮುಗಿದಿದೆಯೇ?

2. ಅವನ್ನು ತೆಗೆದುಕೊಳ್ಳುವವರು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ? ವೈದ್ಯರಿಗೆ ಗೊತ್ತಿದೆಯೇ?

3. ಚರಕರು ಹೇಳಿದ ಮೂರು ವಿಧದ ಚಿಕಿತ್ಸೆಗಳಲ್ಲಿ ನಮ್ಮ ಮನೆಯಲ್ಲಿ ಯಾವುದು ನಡೆಯುತ್ತಿದೆ, ಯಾವುದನ್ನು ಮರೆತಿದ್ದೇವೆ?

4. ಭಯವಾದಾಗ ನಾನು ಮೊದಲು ಯಾರಿಗೆ ಹೇಳುತ್ತೇನೆ? ನನಗೆ ಯಾರು ಹೇಳುತ್ತಾರೆ?

ಈ ನಾಲ್ಕನೆಯ ಪ್ರಶ್ನೆಗೆ ಮಕ್ಕಳು ಮೊದಲು ಉತ್ತರಿಸಲಿ, ಹಿರಿಯರು ಆಮೇಲೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಎಲ್ಲರಿಗೂ ಒಳ್ಳೆಯ ನಿದ್ದೆ, ಒಳ್ಳೆಯ ಮನಸ್ಸು ಇರಲಿ ಎಂದು ಹಾರೈಸುತ್ತೇವೆ.